ಗಂಟೆಯ ನಾಲಿಗೆ ಕಟ್ಟಿದ್ದು

ನಮ್ಮ ದೇವರ ಕೋಣೆಯಲ್ಲಿ ತೂಗುತ್ತಿದ್ದ ಕಂಚಿನ ಗಂಟೆಯ ತೂಕ 9 ಕೆಜಿ. ಅಜ್ಜನ ಕಾಲದ್ದು. ಒಮ್ಮೆ ಬಾರಿಸಿದರೆ ತೋಟದ ಕೆಳಗಿನ ಮನೆಯವರೂ ‘ಮಂಗಳಾರತಿ ಆಯ್ತು’ ಎಂದು ಊಟಕ್ಕೆ ಏಳುತ್ತಿದ್ದರು. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡ ಮಗನಿಗೆ ಗೃಹಪ್ರವೇಶಕ್ಕೆ ಆ ಗಂಟೆಯೇ ಬೇಕಾಯಿತು. ‘ಬರುವಾಗ ಹೊತ್ಕೊಂಡು ಬರೋದೆಲ್ಲ ಬೇಡ ಅಪ್ಪ, ಪಾರ್ಸಲ್ ಮಾಡ್ಬಿಡು’ ಎಂದ. ಮಾಡ್ಬಿಡು! ಈ ಕಾಲದ ಮಕ್ಕಳಿಗೆ ಎಲ್ಲ ಕೆಲಸದ ಕೊನೆಗೂ ಒಂದು ‘ಬಿಡು’ ಸೇರಿಸುವ ಚಾಳಿ. ಬಿಡುವುದು ಅವರು, ಹಿಡಿಯುವುದು ನಾವು.

ಸುದ್ದಿ ಕೇಳಿದ್ದೇ ಪಕ್ಕದ ಮನೆಯ ಮೇಷ್ಟ್ರು ತಮ್ಮ ಹೊಸ ಟೀವಿ ಬಂದಿದ್ದ ರಟ್ಟಿನ ಡಬ್ಬಿ ಹೊತ್ತು ತಂದರು. ಅದರೊಳಗೆ ಗಂಟೆ ಇಟ್ಟು, ಸುತ್ತ ಒಣಹುಲ್ಲು ತುಂಬಿದರೆ ಕೋಳಿ ಮೊಟ್ಟೆಯ ಹಾಗೆ ಹೋಗುತ್ತದಂತೆ. ಪೇಟೆಯ ಕೊರಿಯರ್ ಹುಡುಗ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದ. ಮೂರೂ ಕಡೆ 60 ಸೆಂಟಿಮೀಟರು. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿ, ‘43 ಕೆಜಿ ಆಗ್ತದೆ ಅಂಕಲ್’ ಎಂದ. ತಕ್ಕಡಿಯಲ್ಲಿ ಡಬ್ಬಿ, ಹುಲ್ಲು ಎಲ್ಲ ಸೇರಿ 12 ತೋರಿಸುತ್ತಿದೆಯಲ್ಲೋ ಮಾರಾಯ ಎಂದರೆ, ತಕ್ಕಡಿಯ ತೂಕ ಬೇರೆ, ಅಳತೆಯ ತೂಕ ಬೇರೆ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಎಂದ. ಗಾಡಿಯಲ್ಲಿ ಡಬ್ಬಿ ತಿನ್ನುವ ಜಾಗಕ್ಕೂ ಬಾಡಿಗೆ ಎಂಬುದು ಇದರ ಅರ್ಥ. ನ್ಯಾಯವೇ ಇರಬಹುದು. ಆದರೆ ನಾನು ಬಾಡಿಗೆ ಕಟ್ಟಲಿಕ್ಕಿದ್ದದ್ದು ಬಹುಪಾಲು ಮೇಷ್ಟ್ರ ಹುಲ್ಲಿಗೆ. ಡಬ್ಬಿ ಹೊತ್ತು ವಾಪಸು ಬಂದೆ. ಮೇಷ್ಟ್ರು ಜಗಲಿಯಲ್ಲೇ ಕೂತಿದ್ದರು. ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ.

ಭಾರದ ಸಾಮಾನಿಗೆ ಡಬ್ಬಿ ದೊಡ್ಡದಾಗಬಾರದು, ಗಟ್ಟಿಯಾಗಬೇಕು. ಇದು ನನಗೆ ಗೊತ್ತಾಗುವಷ್ಟರಲ್ಲಿ ಮೂರು ಡಬ್ಬಿಗಳ ತಳ ಕಿತ್ತುಹೋಗಿತ್ತು. ಪೇಪರು ಮುದ್ದೆ ಮಾಡಿ ಕೆಳಗೆ ತುರುಕಿದೆ. ಗಂಟೆ ಕೂತ ಕೂಡಲೆ ಅದು ಚಪಾತಿಯಾಯಿತು. ಥರ್ಮಾಕೋಲು ಹಾಕಿದೆ, ಮುರಿದು ಮನೆ ತುಂಬ ಮಂಜು ಬಿತ್ತು. ಕೊನೆಗೆ ಕಾಪಾಡಿದ್ದು ನಮ್ಮ ಅಡಿಕೆ ಹಾಳೆ. ಎರಡೆರಡು ಹಾಳೆಯನ್ನು ಬೆನ್ನಿಗೆ ಬೆನ್ನು ಕೊಟ್ಟು ಗಂಟೆಗೆ ಸುತ್ತಿ, ನನ್ನವಳ ಎರಡು ಹಳೆಯ ಹತ್ತಿ ಸೀರೆ ಬಿಗಿದು, ಒಂದು ಸಣ್ಣ ಡಬ್ಬಿಯಲ್ಲಿ ಕೂರಿಸಿ, ಆ ಡಬ್ಬಿಯನ್ನು ತುಸು ದೊಡ್ಡ ಡಬ್ಬಿಯೊಳಗಿಟ್ಟು, ನಡುವಿನ ಸಂದಿಗೆಲ್ಲ ತೆಂಗಿನ ನಾರು ಜಡಿದೆ. ತಳದ ಸೀಳಿಗೆ ಒಂದೇ ಪಟ್ಟಿ ಟೇಪು ಸಾಲದು. ಎರಡು ಪಕ್ಕದ ಅಂಚಿಗೂ ಅಡ್ಡಡ್ಡ ಎಳೆಯಬೇಕು. ವಿಳಾಸದ ಚೀಟಿಯೊಂದು ಒಳಗೂ ಇರಬೇಕು, ಹೊರಗಿನದು ಮಳೆಗೆ ಕರಗಿದರೆ ಒಳಗಿನದು ಮಾತಾಡುತ್ತದೆ. 40 ಸೆಂಟಿಮೀಟರಿನ ಡಬ್ಬಿ. ಅಳತೆಯ ತೂಕ 12.8ಕ್ಕೆ ಇಳಿಯಿತು.

ಎಲ್ಲ ಮುಗಿಸಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದೆ. ಅಲುಗಾಡುವ ಸಾಮಾನು ತನ್ನ ಡಬ್ಬಿಯನ್ನು ತಾನೇ ಒದ್ದು ಒಡೆಯುತ್ತದೆ ಎಂದು ಯಾರೋ ತಿಳಿದವರು ಹೇಳಿದ್ದರು. ಒಳಗಿನಿಂದ ‘ಢಣ್’ ಎಂದಿತು. ನಾಲಿಗೆ ಕಟ್ಟುವುದೇ ಮರೆತಿತ್ತು! ದಾರಿಯುದ್ದಕ್ಕೂ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತ ಹೋಗುವ ಬೆಲೆಬಾಳುವ ಸಾಮಾನು ಬೇರೆ ಬೇಕೆ? ರಾತ್ರಿ ಹನ್ನೊಂದು ಗಂಟೆ. ಮತ್ತೆ ಎಲ್ಲ ಬಿಚ್ಚಿ, ಕೈಗೆ ಸಿಕ್ಕಿದ್ದೊಂದನ್ನು ನಾಲಿಗೆಗೆ ತೊಡಿಸಿ, ಸುತ್ತಿ ಕಟ್ಟಿದೆ. ಕೈಗೆ ಏನು ಸಿಕ್ಕಿತು ಎಂಬುದನ್ನು ಇವಳಿಗೆ ಹೇಳಲಿಲ್ಲ. ನಿಮಗೂ ಸದ್ಯಕ್ಕೆ ಹೇಳುವುದಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಇವಳು ಡಬ್ಬಿಯ ನಾಲ್ಕೂ ಮೈಗೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ‘ದೇವರ ಗಂಟೆ, ತುಂಬ ಬೆಲೆಯದ್ದು, ಜೋಪಾನ’ ಎಂದು ಕನ್ನಡದಲ್ಲೂ ತನಗೆ ಬರುವ ಹಿಂದಿಯಲ್ಲೂ ಬರೆದು, ಪಕ್ಕದಲ್ಲೊಂದು ಒಡೆದ ಲೋಟದ ಚಿತ್ರ ಬಿಡಿಸಿಟ್ಟಿದ್ದಳು. ಕಳ್ಳನಿಗೆ ಇದಕ್ಕಿಂತ ಚೆಂದದ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಲು ಸಾಧ್ಯವಿಲ್ಲ. ನಾನು ಹಾಗೆಂದೆ. ‘ಹಾಗಾದ್ರೆ ಹಳೇ ಗುಜರಿ ಅಂತ ಬರೀಲಾ?’ ಎಂದು ಸಿಡುಕಿದಳು.

ಅದೇ ಸರಿ ಕಣೇ ಎಂದು ಅವಳಿಗೆ ಕಲಿನನ್ ವಜ್ರದ ಕಥೆ ಹೇಳಿದೆ. 1905ರಲ್ಲಿ ದಕ್ಷಿಣ ಆಫ್ರಿಕದ ಗಣಿಯಲ್ಲಿ ಸಿಕ್ಕ ವಜ್ರ. 3106 ಕ್ಯಾರಟ್, ಅಂದರೆ 600 ಗ್ರಾಮಿನ ಮೇಲೆ. ಲಂಡನ್ನಿಗೆ ಕಳಿಸಬೇಕು. ಪತ್ತೇದಾರರನ್ನು ಹಡಗು ಹತ್ತಿಸಿ, ಕಪ್ತಾನನ ತಿಜೋರಿಯಲ್ಲಿ ಪೊಟ್ಟಣವಿಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿಸಿದರು. ಪೊಟ್ಟಣದಲ್ಲಿದ್ದದ್ದು ನಕಲಿ ಕಲ್ಲು. ಅಸಲಿಯು ಸಾದಾ ಡಬ್ಬಿಯಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿ ಸುಖವಾಗಿ ತಲುಪಿತು. ಮುಂದೆ ಅದನ್ನು ಸೀಳಲು ಆಮ್‌ಸ್ಟರ್‌ಡ್ಯಾಮಿಗೆ ಒಯ್ಯುವಾಗಲೂ ನೌಕಾಪಡೆಯ ಹಡಗಿನಲ್ಲಿ ಖಾಲಿ ಪೆಟ್ಟಿಗೆ; ವಜ್ರ ಮಾತ್ರ ಅದನ್ನು ಸೀಳಲಿದ್ದ ಕಂಪನಿಯ ಅಬ್ರಹಾಂ ಆಷರ್ ಅವರ ಕೋಟಿನ ಜೇಬಿನಲ್ಲಿ, ರೈಲು ಮತ್ತು ದೋಣಿ ಹತ್ತಿಕೊಂಡು. ಪಾಪ, ಆ ಪತ್ತೇದಾರರ ನಿದ್ದೆಗೆಟ್ಟ ರಾತ್ರಿಗಳನ್ನು ನೆನೆದರೆ ನನಗೆ ನಮ್ಮೂರ ಖಾಲಿ ಗೋದಾಮಿನ ಕಾವಲುಗಾರ ನೆನಪಾಗುತ್ತಾನೆ.

ಹೋಪ್ ವಜ್ರದ್ದೂ ಇದೇ ಜಾತಕ. ಅದು ಕೃಷ್ಣೆಯ ದಡದ ಕೊಲ್ಲೂರಿನ ಗಣಿಯದು ಎನ್ನುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. 1958ರ ನವೆಂಬರಿನಲ್ಲಿ ನ್ಯೂಯಾರ್ಕಿನ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ದಾನ ಕೊಟ್ಟಾಗ ಕಂದು ಕಾಗದದ ಪೊಟ್ಟಣ ಮಾಡಿ ರಿಜಿಸ್ಟರ್ಡ್ ಅಂಚೆಗೆ ಹಾಕಿದರು. ಅಂಚೆಯವನು ಮಾಮೂಲಿ ಪತ್ರದ ಹಾಗೆ ತಂದುಕೊಟ್ಟ. ಒಟ್ಟು ಖರ್ಚು 145 ಡಾಲರು 29 ಸೆಂಟ್. ಅದರಲ್ಲಿ ಅಂಚೆಯ ಕೂಲಿ ಬರೀ 2 ಡಾಲರು 44 ಸೆಂಟ್. ಉಳಿದದ್ದೆಲ್ಲ ಹತ್ತು ಲಕ್ಷ ಡಾಲರಿನ ವಿಮೆಗೆ. ಹೆದರಿಕೆಯ ತೂಕ ಸಾಮಾನಿನ ತೂಕಕ್ಕಿಂತ ಯಾವಾಗಲೂ ಹೆಚ್ಚು ನೋಡಿ. ರಿಜಿಸ್ಟರ್ ಎಂದರೆ ಬೇರೇನಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೆಲ್ಲ ಒಂದು ಸಹಿ. ಕಳೆದರೆ ಯಾರ ಕೈಯಲ್ಲಿ ಕಳೆಯಿತೆಂದು ಗೊತ್ತಾಗುತ್ತದೆ. ಗೊತ್ತಾಗುತ್ತದೆಂಬ ಕಾರಣಕ್ಕೇ ಕಳೆಯುವುದಿಲ್ಲ.

‘ಅವರದು ವಜ್ರ, ಜೇಬಲ್ಲಿ ಹಿಡೀತು. ನಮ್ದು 9 ಕೆಜಿ’ ಎಂದಳು ಇವಳು. ಭಾರದ ಮಾತು ಬಂದರೆ ಅಮೆರಿಕದ ಯೂಟಾದಲ್ಲಿ ವರ್ನಲ್ ಎಂಬ ಊರಿದೆ. 1916ರಲ್ಲಿ ಅಲ್ಲಿನ ಬ್ಯಾಂಕಿನ ಕಟ್ಟಡಕ್ಕೆ ಬೇಕಾದ ಇಟ್ಟಿಗೆಯನ್ನು ಸಾಲ್ಟ್‌ಲೇಕ್ ಸಿಟಿಯಿಂದ ಅಂಚೆಯಲ್ಲೇ ತರಿಸಿದರು. ಗಾಡಿ ಸಾಗಣೆಗಿಂತ ಪಾರ್ಸಲ್ ಅಂಚೆಯೇ ಅಗ್ಗವಾಗಿತ್ತು. ಆಗಿನ ಮಿತಿ 50 ಪೌಂಡು. 50 ಪೌಂಡಿನ ಕಟ್ಟು ಕಟ್ಟಿ ಸಾವಿರಾರು ಇಟ್ಟಿಗೆ! ಇಲಾಖೆ ಬೆಚ್ಚಿಬಿದ್ದು, ಒಬ್ಬರಿಗೆ ದಿನಕ್ಕೆ ಇಂತಿಷ್ಟೇ ಎಂದು ನಿಯಮ ಬಿಗಿಮಾಡಿತು. ಕಟ್ಟಡ ಮಾತ್ರ ಎದ್ದಾಗಿತ್ತು.

ನನ್ನ ಕಥೆಗಳಿಂದ ಇವಳು ಮೆತ್ತಗಾದಳೋ, ಸಾಕಾಗಿ ಹೋಯಿತೋ, ಒಟ್ಟಿನಲ್ಲಿ ಡಬ್ಬಿಯನ್ನು ಒಳಹೊರಗು ಮಾಡಿ, ಬೋಳು ಮುಖ ಹೊರಗೆ ಬರುವಂತೆ ಮತ್ತೆ ಕಟ್ಟಿದೆವು. ಅಂಚೆ ಕಚೇರಿಗೆ ಹೋದೆ. ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪ ಪಾರ್ಸಲನ್ನು ಕೋರಾ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದ ವಾಸನೆ ನೆನಪಾಯಿತು. ಅರಗು ಒಡೆಯದೆ ಹೊಲಿಗೆ ಬಿಚ್ಚುವುದು ಬ್ರಹ್ಮನಿಗೂ ಆಗುತ್ತಿರಲಿಲ್ಲ. ಕೌಂಟರಿನಲ್ಲಿ ಒಳಗೇನಿದೆ ಎಂದು ಕೇಳಿದರು. ಡಬ್ಬಿಗೆ ಬಡವನ ವೇಷ ಹಾಕಬಹುದು, ಕೌಂಟರಿನಲ್ಲಿ ಸುಳ್ಳು ಹೇಳುವ ಹಾಗಿಲ್ಲ; ಗುಜರಿ ಎಂದು ಬರೆಸಿದರೆ ನಾಳೆ ಗುಜರಿಯ ಬೆಲೆಯೇ ಪರಿಹಾರ. ‘ಕಂಚಿನ ಗಂಟೆ’ ಎಂದು ಮೆಲ್ಲಗೆ ಹೇಳಿದೆ. ‘ಓ, ದೇವರ ಗಂಟೆಯಾ? ಮುಂಬೈಗಾ?’ ಎಂದು ನನ್ನ ಹಿಂದೆ ಪಿಂಚಣಿಗೆ ನಿಂತಿದ್ದ ಮೇಷ್ಟ್ರು ಇಡೀ ಕಚೇರಿಗೆ ಕೇಳುವಂತೆ ಅಂದರು. ಅವರ ನಾಲಿಗೆಗೆ ಸುತ್ತಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಐದನೆಯ ದಿನ ಸಂಜೆ ಸೊಸೆಯ ಫೋನು. ಇವಳು ಸ್ಪೀಕರ್ ಹಾಕಿದಳು.

‘ಅತ್ತೆ, ಗಂಟೆ ಬಂತು. ಒಂದು ಗೀರೂ ಬಿದ್ದಿಲ್ಲ. ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ನಿಮ್ಮ ಮಗನಿಗೆ ಬಾರಿಸೋಕೆ ಹೇಳಿದೆ. ಶಬ್ದಾನೇ ಬರ್ಲಿಲ್ಲ. ಒಳಗೆ ಕೈ ಹಾಕಿ ನೋಡಿದ್ರೆ...’

‘ನೋಡಿದ್ರೆ?’

‘ಮಾವಂದು ಕಾಲುಚೀಲ.’

ತೊಳೆದದ್ದೇ ಎಂದು ನಾನು ಹೇಳುವಷ್ಟರಲ್ಲಿ ಇವಳು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದ್ದಳು.