ಪೆದ್ದರ ಚಿನ್ನಕ್ಕೊಂದು ಬಹಿರಂಗ ಪತ್ರ

ಶ್ರೀ ಪೈರೈಟ್ ಅವರಿಗೆ,
ಮನೆಗಳ ನೆಲದಡಿ, ಡಬ್ಲಿನ್, ಐರ್ಲೆಂಡ್.

ಮಾನ್ಯರೇ,

ಉಭಯ ಕುಶಲೋಪರಿ ಎಂದು ಶುರುಮಾಡುವ ವಾಡಿಕೆ ಇಲ್ಲಿ ನಡೆಯದು. ನೀವು ಕುಶಲವಾಗಿದ್ದಷ್ಟೂ ನಿಮ್ಮ ಮೇಲಿರುವ ಮನೆಯವರ ಕುಶಲ ಕೆಡುತ್ತದೆ. 2007ರಲ್ಲಿ ಡಬ್ಲಿನ್ ಕಡೆಯ ಹೊಸ ಬಡಾವಣೆಗಳಲ್ಲಿ ನೆಲ ಉಬ್ಬಿ, ಗೋಡೆ ಬಿರಿದು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಾಗ ಆಪಾದನೆಯೆಲ್ಲ ನಿಮ್ಮ ತಲೆಗೇ ಬಂತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಾದ್ದರಿಂದ ಕುಣಿಯಲಾರದವರಿಗೆಲ್ಲ ಭಾರೀ ಅನುಕೂಲವಾಯಿತು. ನೀವಾದರೋ ಚಿನ್ನದಂತೆ ಹೊಳೆಯುವ ಗಂಧಕದ ಖನಿಜ, ಕೋಟ್ಯಂತರ ವರ್ಷ ಶೇಲ್ ಎಂಬ ಕಲ್ಲಿನ ಪದರಗಳೊಳಗೆ ತೆಪ್ಪಗೆ ಮಲಗಿದ್ದವರು. ಕ್ವಾರಿಯಲ್ಲಿ ಒಡೆದು, ಜಲ್ಲಿ ಮಾಡಿ, ಕಾಂಕ್ರೀಟ್ ನೆಲದಡಿ ತುಂಬಿದವರು ಮನುಷ್ಯರು. ಗಾಳಿ, ತೇವ ತಗುಲಿ ನಿಮ್ಮ ಗಂಧಕ ಆಮ್ಲವಾಯಿತು. ಆಮ್ಲ ಅದೇ ಕಲ್ಲಿನ ಕ್ಯಾಲ್ಸೈಟನ್ನು ತಿಂದು ಜಿಪ್ಸಮ್ ಹರಳಾಯಿತು. ಕರಗಿದ ಕ್ಯಾಲ್ಸೈಟಿನ ಸುಮಾರು ಎರಡರಷ್ಟು ಜಾಗ ಆ ಜಿಪ್ಸಮ್‌ಗೆ ಬೇಕು. ಪದರದ ಸಂದಿಯಲ್ಲಿ ಅದು ಬೆಳೆದರೆ ನೆಲ ಏಳದೆ ಇನ್ನೇನು? ಇಷ್ಟೇ ನಿಮ್ಮ ಒಳಸಂಚು. ಪಿಯುಸಿ ಹುಡುಗರೂ ಸಮೀಕರಣ ಬರೆದು ತೋರಿಸಿಯಾರು.

ಇದು ಪ್ರಕೃತಿಯ ಆಟ, ಯಾರಿಗೆ ಗೊತ್ತಿತ್ತು ಎನ್ನುವವರಿದ್ದಾರೆ. ಕೆನಡಾದ ಮಾಂಟ್ರಿಯಲ್ ಕಡೆಯ ಮನೆಯವರಿಗೆ 1990ರ ದಶಕದಲ್ಲೇ ಗೊತ್ತಿತ್ತು. ಅವರ ನೆಲವನ್ನೂ ನೀವು ಎತ್ತಿದ್ದಿರಿ. ಎಷ್ಟೋ ಕಲ್ಲುಗಳಲ್ಲಿ ಒಂದಿಷ್ಟು ಪೈರೈಟ್ ಇದ್ದೇ ಇರುತ್ತದೆ, ಹುಡುಕುತ್ತ ಕೂತರೆ ಮನೆ ಕಟ್ಟುವುದು ಯಾವಾಗ ಎಂಬುದು ಇನ್ನೊಂದು ವಾದ. ಅರ್ಧ ನಿಜ. ನೀವಿದ್ದ ಮಾತ್ರಕ್ಕೆ ನೆಲ ಉಬ್ಬದು. ನಿಮ್ಮ ಹರಳು ಎಷ್ಟು ಸಣ್ಣದು, ಕಲ್ಲು ಎಷ್ಟು ಮೆತ್ತಗಿನದು ಎಂಬುದನ್ನೂ ನೋಡಬೇಕು. ನೋಡುವುದಕ್ಕೆಂದೇ ಪ್ರಯೋಗಾಲಯಗಳಿವೆ. ಲೋಡು ಸುರಿಯುವ ಮೊದಲು ನೋಡದಿದ್ದರೆ ಆಮೇಲೆ ಮನೆಯವರನ್ನು ಸಾಮಾನು ಸಮೇತ ಹೊರಗೆ ಕಳಿಸಿ, ನೆಲ ಒಡೆದು, ಜಲ್ಲಿಯೆಲ್ಲ ಬಗೆದು, ಬೇರೆಯದು ತುಂಬಿ, ಮತ್ತೆ ನೆಲ ಹಾಕಬೇಕು. ಡಬ್ಲಿನ್‌ನ ಬ್ಯಾಲಿಮನ್‌ನಲ್ಲಿ ನೆಲ ಉಬ್ಬಿದ ಯುವಕೇಂದ್ರದ ಮೊಕದ್ದಮೆಯಲ್ಲಿ 2011ರಲ್ಲಿ ಐರಿಷ್ ಹೈಕೋರ್ಟು ನಿಮ್ಮನ್ನು ಕಟಕಟೆಗೆ ಕರೆಯಲಿಲ್ಲ. ಆ ಜಲ್ಲಿ ಮಾರಲು ಯೋಗ್ಯವೇ ಆಗಿರಲಿಲ್ಲ ಎಂದು ಮಾರಿದವರತ್ತಲೇ ಬೆರಳು ತೋರಿಸಿತು.

ಸರ್ಕಾರದ ಸಮಿತಿ 2012ರಲ್ಲಿ 74 ಬಡಾವಣೆಗಳ 12,250 ಮನೆಗಳು ಅಪಾಯದಲ್ಲಿರಬಹುದೆಂದು ಲೆಕ್ಕ ಕೊಟ್ಟಿತು; 2013ರಲ್ಲಿ ದುರಸ್ತಿ ಯೋಜನೆಗೊಂದು ಕಾಯಿದೆಯೂ ಬಂತು. ದುರಸ್ತಿಯ ಖರ್ಚು ಖಜಾನೆಯದು, ಅಂದರೆ ಒಂದು ಬುಟ್ಟಿ ಜಲ್ಲಿಯನ್ನೂ ಮಾರದ ತೆರಿಗೆದಾರನದು. ಯೋಜನೆಗೆ ಸೇರಲು ಬಿರುಕಿಗೂ ಅರ್ಹತೆ ಬೇಕು: ಹಾನಿ ನಿಗದಿತ ದರ್ಜೆಗೆ ಏರಿರಬೇಕು. ಸಣ್ಣ ಬಿರುಕಿನವರು ಅದು ದೊಡ್ಡದಾಗಲೆಂದು ಹರಕೆ ಹೊರಬೇಕು. ಆದ್ದರಿಂದ ಮಾನ್ಯರೇ, ಅರ್ಜಿ ಹಿಡಿದು ಕಾಯುತ್ತಿರುವವರ ಪರವಾಗಿ ಒಂದೇ ಬಿನ್ನಹ: ದಯಮಾಡಿ ಇನ್ನಷ್ಟು ಬೇಗ ಉಬ್ಬಿ.

ಇಂತಿ,
ಸದ್ಯಕ್ಕೆ ಸಮನೆಲದ ಮೇಲಿರುವ ಒಬ್ಬ