ವರ್ಗಾವಣೆಯ ಕಾಲ, ಟೊರಾಂಟೊ ಶಾಖೆ

ಐಸ್ ಹಾಕಿ ನೋಡುವಾಗ ನನ್ನ ಕಣ್ಣಿಗೆ ಬೀಳದೇ ಇರುವುದು ಒಂದೇ ಒಂದು ವಸ್ತು, ಆಡುವ ಚೆಂಡು. ಅದು ಚೆಂಡೂ ಅಲ್ಲ, ಪಕ್ಕು ಎಂದು ಮೊಮ್ಮಗ ತಿದ್ದುತ್ತಾನೆ. ಅಂಗೈಯಲ್ಲಿ ಹಿಡಿಸುವಷ್ಟು ಕರಿ ರಬ್ಬರಿನ ಬಿಲ್ಲೆ. ಪುಟಿದು ಹಾರಬಾರದೆಂದು ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡುತ್ತಾರೆ. ಹಾಗೆ ತಣ್ಣಗಾದದ್ದು ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ನನ್ನಂಥವನಿಗೆ ಎಲ್ಲಿಂದ ಕಾಣಬೇಕು? ಮನೆಯವರು ಕೂಗಿದರೆ ನಮ್ಮ ಗೋಲು, ನಿಟ್ಟುಸಿರಿಟ್ಟರೆ ಅವರದ್ದು ಎಂದು ತಿಳಿದುಕೊಳ್ಳುತ್ತೇನೆ. ಮಿಸಿಸಾಗಾದ ಮಗಳ ಮನೆಯಲ್ಲಿ ನಿಟ್ಟುಸಿರಿಗೇ ಬಳಕೆ ಹೆಚ್ಚು.

ಇಷ್ಟಾದರೂ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ವಿಷಯದಲ್ಲಿ ಅಳಿಯಂದಿರು ನನ್ನ ಅಭಿಪ್ರಾಯ ಕೇಳುತ್ತಾರೆ. ಕಾರಣ ಆಟವಲ್ಲ, ಆಟ ನಿಂತ ಮೇಲೆ ಶುರುವಾಗುವ ವ್ಯವಹಾರ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಸಾಗಹಾಕಬೇಕು, ಯಾರಿಗೆ ಎಷ್ಟು ಕೊಡಬೇಕು, ಕೊಟ್ಟರೆ ಮಿಕ್ಕವರಿಗೆ ಏನು ಉಳಿಯುತ್ತದೆ. ನಾನೋ, ಸರ್ಕಾರಿ ಇಲಾಖೆಯೊಂದರ ಸಿಬ್ಬಂದಿ ಶಾಖೆಯಲ್ಲಿ ಕೂದಲು ನೆರೆಸಿಕೊಂಡವನು. ಮೇ ತಿಂಗಳು ಬಂತೆಂದರೆ ವರ್ಗಾವಣೆ ಪಟ್ಟಿ, ಕೋರಿಕೆ ಅರ್ಜಿ, ಪತಿ-ಪತ್ನಿ ಪ್ರಕರಣ, ಶಿಫಾರಸು ಪತ್ರ, ಕೊನೆಗೆ ನ್ಯಾಯಮಂಡಳಿಯ ತಡೆಯಾಜ್ಞೆ. ಇದೇ ನನ್ನ ಆಯುಷ್ಯ. ಆದ್ದರಿಂದ ಬೇರೆಯವರಿಗೆ ಹಾಕಿ ಮುಗಿದಲ್ಲಿ ನನಗೆ ಹಾಕಿ ಆರಂಭ.

ಈ ತಂಡದ ಜಾತಕ ಸ್ವಲ್ಪ ಹೇಳಬೇಕು. ಲೀಫ್ಸ್ ಕೊನೆಯ ಸಲ ಲೀಗಿನ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದದ್ದು 1967ರಲ್ಲಿ. ಆಗ ಲೀಗಿನಲ್ಲಿ ಇದ್ದದ್ದೇ 6 ತಂಡ, ಈಗ 32. ಗೆದ್ದು ಇಷ್ಟು ವರ್ಷವಾದರೂ ಏಪ್ರಿಲ್ ಬಂದರೆ ಕಾರಿನ ಕಿಟಕಿಗಳಿಗೆ ನೀಲಿ ಬಾವುಟ ಏರುವುದು ತಪ್ಪಿಲ್ಲ. 2017ರಿಂದ 2025ರವರೆಗೆ ಸತತ ಒಂಬತ್ತು ವರ್ಷ ಕಪ್ಪಿಗಾಗಿ ನಡೆಯುವ ಕೊನೆಯ ಹಂತ ಪ್ಲೇಆಫ್‌ಗೆ ಕಾಲಿಟ್ಟರು, ಗೆದ್ದದ್ದು ಎರಡೇ ಸರಣಿ. 2025ರಲ್ಲಿ 108 ಅಂಕ ಗಳಿಸಿ ತಮ್ಮ ವಿಭಾಗಕ್ಕೆ ಮೊದಲಿಗರಾದರು; ಒಟ್ಟಾವಾವನ್ನು ಸೋಲಿಸಿದರು; ಫ್ಲೋರಿಡಾ ವಿರುದ್ಧ ಮೊದಲ ಎರಡು ಪಂದ್ಯ ಗೆದ್ದರು. ಆ ವಾರ ಅಳಿಯಂದಿರು ಮನೆಯಲ್ಲಿ ಎಲ್ಲರಿಗೂ ‘ಪ್ಲೀಸ್’ ಎನ್ನುತ್ತಿದ್ದರು. ನಿರ್ಣಾಯಕ ಏಳನೆಯ ಪಂದ್ಯ ಸ್ವಂತ ಅಂಗಳದಲ್ಲೇ, ಸೋತದ್ದು 6-1ರಲ್ಲಿ. ಮಾರನೆಯ ದಿನ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹಾಕಿರಲಿಲ್ಲ, ಯಾರೂ ಗಮನಿಸಲೂ ಇಲ್ಲ.

ಸೂತಕ ಬೇಗ ಕಳೆಯಿತು. ಎರಡನೆಯ ವಾರಕ್ಕೇ ಸೂಪರ್ ಮಾರ್ಕೆಟ್ಟಿನ ಜಾಹೀರಾತು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಪಟ್ಟಿ ಬರೆದುಕೊಂಡು ಅಳಿಯಂದಿರು ನನ್ನ ಪಕ್ಕ ಕೂತರು. ‘ಮಾವ, ಇದನ್ನ ಸ್ವಲ್ಪ ನೋಡಿ.’ ನೋಡಿದೆ. ತೀರ ಪರಿಚಿತವಾದ ಕಡತ.

ಇಲ್ಲಿ ಪ್ರತಿ ತಂಡವೂ ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕೆಂದು ಲೀಗು ಗೆರೆ ಎಳೆದಿದೆ, ಸ್ಯಾಲರಿ ಕ್ಯಾಪ್. 2024-25ಕ್ಕೆ ಅದು 8 ಕೋಟಿ 80 ಲಕ್ಷ ಡಾಲರ್. 23 ಜನರ ತಂಡದಲ್ಲಿ ಮ್ಯಾಥ್ಯೂಸ್, ನೈಲಾಂಡರ್, ಟವಾರೆಸ್, ಮಾರ್ನರ್ ಎಂಬ ನಾಲ್ವರೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತುತ್ತಿದ್ದರು. ಉಳಿದ ಹತ್ತೊಂಬತ್ತು ಮಂದಿ ಮಿಕ್ಕದ್ದರಲ್ಲಿ. ಇದು ಯಾವ ಇಲಾಖೆಯಲ್ಲಿ ನಡೆಯುವುದಿಲ್ಲ? ಮೇಲಿನ ನಾಲ್ಕು ಕೋಣೆಗೆ ಏಸಿ, ಕೆಳಗಿನ ಹಾಲಿಗೆ ಎರಡು ಫ್ಯಾನು, ಅದರಲ್ಲೊಂದು ತಿರುಗುವುದಿಲ್ಲ. ‘ನಾಲ್ವರಲ್ಲಿ ಒಬ್ಬರನ್ನ ಎತ್ತಂಗಡಿ ಮಾಡಬೇಕು’ ಎಂದೆ. ಅಳಿಯಂದಿರು ತಲೆಯಾಡಿಸಿದರು: ‘ಆಗಲ್ಲ ಮಾವ. ಅವರಿಗೆ ನೋ-ಮೂವ್‌ಮೆಂಟ್ ಇದೆ.’

ಏನೆಂದು ಕೇಳಿದೆ. ಕರಾರಿನಲ್ಲೇ ಬರೆದಿರುತ್ತದಂತೆ: ಈ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ಊರಿಗೆ ಕಳಿಸುವಂತಿಲ್ಲ. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಮಳೆಗಾಲದ ನಡುವೆ ಎರಡು ಮಕ್ಕಳು, ಒಂದು ಗ್ಯಾಸ್ ಸಿಲಿಂಡರು, ತುಳಸಿ ಕುಂಡ ಸಮೇತ ಲಾರಿ ಹತ್ತಿ ಸಾಗರದಿಂದ ಸಿಂಧನೂರಿಗೆ ಹೋದವನು ನಾನು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಆದೇಶದಲ್ಲಿತ್ತು. ಸಾಗರದ ಸಾರ್ವಜನಿಕರಿಗೆ ಹಿತವಾಯಿತೋ ಸಿಂಧನೂರಿನವರಿಗೋ, ಇವತ್ತಿಗೂ ತಿಳಿದಿಲ್ಲ. ಇಲ್ಲಿ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗರು ಸಹಿ ಹಾಕುವ ಮೊದಲೇ ನನ್ನನ್ನು ಅಲುಗಿಸಕೂಡದೆಂದು ಬರೆಸಿಕೊಳ್ಳುತ್ತಾರೆ! ನನ್ನ ಸೇವಾ ಪುಸ್ತಕದಲ್ಲಿ ಅಂಥದ್ದೊಂದು ಸಾಲಿದ್ದಿದ್ದರೆ ಮಗಳು ಐದು ಶಾಲೆಯಲ್ಲಿ ಮಗ್ಗಿ ಕಲಿಯಬೇಕಾಗುತ್ತಿರಲಿಲ್ಲ.

ಕೊನೆಗೆ ಹೋದವನು ಮಿಚ್ ಮಾರ್ನರ್. ಪಕ್ಕದ ಮಾರ್ಕಮ್ಮಿನಲ್ಲೇ ಹುಟ್ಟಿದ ಹುಡುಗ. ಕರಾರು ಮುಗಿಯುತ್ತಿತ್ತು, ಸುಮ್ಮನಿದ್ದರೆ ತಂಡಕ್ಕೆ ಬಿಡಿಗಾಸೂ ದಕ್ಕದಂತೆ ಹೋಗಿಬಿಡುತ್ತಿದ್ದ. ಆದರೆ ನಿಯಮವೊಂದಿತ್ತು. ಸ್ವಂತ ತಂಡ ಎಂಟು ವರ್ಷದ ಕರಾರು ಕೊಡಬಹುದಿತ್ತು, ಹೊರಗಿನ ತಂಡ ಏಳಕ್ಕೇ ನಿಲ್ಲಬೇಕಿತ್ತು. ಹಾಗಾಗಿ ಟೊರಾಂಟೊದವರು ಎಂಟು ವರ್ಷಕ್ಕೆ 9 ಕೋಟಿ 60 ಲಕ್ಷ ಡಾಲರಿನ ಕರಾರಿಗೆ ತಾವೇ ಸಹಿ ಮಾಡಿಸಿ, ಆ ಮಸಿ ಆರುವ ಮುಂಚೆ ಲಾಸ್ ವೇಗಾಸಿಗೆ ದಾಟಿಸಿ, ಬದಲಿಗೆ ನಿಕೊಲಾ ರುವಾ ಎಂಬವನನ್ನು ತಂದುಕೊಂಡರು. ಮಗಳಿಗೆ ಇದು ಗೋಜಲಾಗಿ ಕಂಡಿತು. ನನಗೆ ಓದಿದ ಕೂಡಲೇ ಅರ್ಥವಾಯಿತು, ಬಡ್ತಿ ಕೊಟ್ಟು ವರ್ಗ ಮಾಡುವುದು. ಬೇಡದ ಅಧಿಕಾರಿಯನ್ನು ಗೌರವದಿಂದ ಕಳಿಸಲು ಇದಕ್ಕಿಂತ ಸೊಗಸಾದ ದಾರಿಯನ್ನು ನಮ್ಮವರೂ ಕಂಡುಹಿಡಿದಿಲ್ಲ.

ಹೊರಗಿನವರನ್ನು ಸೇರಿಸಿಕೊಳ್ಳುವ ಬಾಗಿಲು ತೆರೆಯುವುದು ಜುಲೈ 1ರ ಮಧ್ಯಾಹ್ನ. ಅದೇ ಕೆನಡಾ ದಿನ, ರಾಷ್ಟ್ರೀಯ ಹಬ್ಬ. ಹೊರಗೆ ಬಿಸಿಲು, ಉದ್ಯಾನಗಳಲ್ಲಿ ಕೇಕು, ರಾತ್ರಿ ಪಟಾಕಿ. ನಮ್ಮ ಮನೆಯಲ್ಲಿ ಮಾತ್ರ ಟಿವಿ. ಟಿವಿಯಲ್ಲಿ ಆಟವಿಲ್ಲ, ಉದ್ದ ಮೇಜಿನ ಹಿಂದೆ ಕೋಟು ಹಾಕಿಕೊಂಡ ಪಂಡಿತರು ಕೂತು ತಮ್ಮ ತಮ್ಮ ಮೊಬೈಲು ನೋಡಿಕೊಳ್ಳುತ್ತಾರೆ. ಆಗಾಗ ಒಬ್ಬರು ತಲೆಯೆತ್ತಿ ಒಂದು ಹೆಸರು, ಒಂದು ಊರು, ಒಂದು ಮೊತ್ತ ಹೇಳುತ್ತಾರೆ. ಗಂಟೆಗಟ್ಟಲೆ ಇಷ್ಟೇ. ಪಂದ್ಯಗಳಲ್ಲಿ ತೂಕಡಿಸುವ ನಾನು ಇದನ್ನು ಎವೆಯಿಕ್ಕದೆ ನೋಡಿದೆ. ನಮ್ಮ ಕಚೇರಿಯ ನೋಟಿಸ್ ಬೋರ್ಡಿನ ಮುಂದೆ ಪಟ್ಟಿಗಾಗಿ ಕಾದ ಮಧ್ಯಾಹ್ನಗಳಲ್ಲಿ ಯಾರಾದರೂ ಹೀಗೆ ವ್ಯಾಖ್ಯಾನ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ವೈದ್ಯಕೀಯ ರಜೆಯ ಅಧ್ಯಾಯ ಇನ್ನೂ ರಸವತ್ತಾದದ್ದು. ಗಾಯಗೊಂಡು ಬಹುಕಾಲ ಆಡಲಾಗದವನ ಸಂಬಳದಷ್ಟು ಮೊತ್ತವನ್ನು ತಂಡ ಕ್ಯಾಪ್ ಮೀರಿ ಖರ್ಚು ಮಾಡಬಹುದಿತ್ತು. ಒಳ್ಳೆಯ ಉದ್ದೇಶದ ನಿಯಮ. ಆದ್ದರಿಂದಲೇ ಅದನ್ನು ಹಿಂಡುವವರು ಹೆಚ್ಚಿದ್ದರು. 2015ರಲ್ಲಿ ಲೀಫ್ಸ್ ತಂಡ ಡೇವಿಡ್ ಕ್ಲಾರ್ಕ್ಸನ್ ಎಂಬವನನ್ನು ಕೊಟ್ಟು ನೇಥನ್ ಹಾರ್ಟನ್ ಎಂಬವನನ್ನು ತಂದಿತು. ಹಾರ್ಟನ್ನನಿಗೆ ಬೆನ್ನು ಕೆಟ್ಟಿತ್ತು, ಆಡುವ ಸ್ಥಿತಿಯೇ ಇರಲಿಲ್ಲ. ಟೊರಾಂಟೊ ಪರವಾಗಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಅದಕ್ಕೇ ಅವನು ಬೇಕಾಗಿದ್ದದ್ದು! ಆಡಿ ಹಣ ತಿನ್ನುವವನಿಗಿಂತ ಆಡದೆ ಲೆಕ್ಕದಿಂದ ಹೊರಗಿರುವವನು ಲೇಸು. ಅದೇ ಕಾಲದಲ್ಲಿ ಸ್ಟೆಫಾನ್ ರೋಬಿಡಾಸ್ ಎಂಬ ಹಿರಿಯ ಆಟಗಾರನೂ ಗಾಯಾಳುಗಳ ಪಟ್ಟಿಗೆ ಹೋದವನು ಮರಳಲಿಲ್ಲ. ಹೀಗೆ ಹೋದವರೆಲ್ಲ ವಾಸಿಸುವ ಒಂದು ಕಾಲ್ಪನಿಕ ಸ್ಥಳಕ್ಕೆ ಅಭಿಮಾನಿಗಳು ‘ರೋಬಿಡಾಸ್ ದ್ವೀಪ’ ಎಂದು ಹೆಸರಿಟ್ಟರು. ನಮ್ಮಲ್ಲಿ ‘ಸ್ಥಳ ನಿರೀಕ್ಷಣೆಯಲ್ಲಿ’ ಇರುವ ಅಧಿಕಾರಿಗಳು ವಾಸಿಸುವ ದ್ವೀಪಕ್ಕೆ ಹೆಸರೇ ಇಲ್ಲ.

ಇದನ್ನು ಮೀರಿಸಿದವರು ಟ್ಯಾಂಪಾ ತಂಡದವರು. ಅವರ ಆಟಗಾರ ಕುಚೆರೋವ್ ಸೊಂಟದ ಶಸ್ತ್ರಚಿಕಿತ್ಸೆಯಾಗಿ 2021ರ ಲೀಗ್ ಹಂತ ಪೂರ್ತಿ ಹೊರಗಿದ್ದ. ಪ್ಲೇಆಫ್‌ನಲ್ಲಿ ಆಗ ಕ್ಯಾಪ್ ಇರಲಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಸರಿಯಾಗಿ ಸೊಂಟ ವಾಸಿಯಾಯಿತು. ಕಪ್ ಗೆದ್ದ ಮೇಲೆ ‘ಕ್ಯಾಪಿಗಿಂತ 1 ಕೋಟಿ 80 ಲಕ್ಷ ಡಾಲರ್ ಜಾಸ್ತಿ’ ಎಂದು ಬರೆದ ಅಂಗಿ ತೊಟ್ಟು ಮೆರೆದ. ಈಗ ಪ್ಲೇಆಫ್‌ಗೂ ಕ್ಯಾಪ್ ತಂದಿದ್ದಾರೆ. ಸುತ್ತೋಲೆಗಳು ಹುಟ್ಟುವುದು ಎಲ್ಲ ದೇಶದಲ್ಲೂ ಹೀಗೆಯೇ.

ಪರಸ್ಪರ ವರ್ಗಾವಣೆಯಲ್ಲಿ ಮಾತ್ರ ಟೊರಾಂಟೊದವರ ಕೈಗುಣ ಒಳ್ಳೆಯದಲ್ಲ. 2006ರಲ್ಲಿ ಟುಕ್ಕಾ ರಾಸ್ಕ್ ಎಂಬ ಎಳೆಯ ಗೋಲಿಯನ್ನು, ಎಂದರೆ ಗೋಲು ಕಾಯುವವನನ್ನು, ಬಾಸ್ಟನ್ನಿಗೆ ಕೊಟ್ಟು, ಆಂಡ್ರೂ ರೇಕ್ರಾಫ್ಟ್ ಎಂಬ ಗೋಲಿಯನ್ನು ತಂದರು. ರೇಕ್ರಾಫ್ಟ್ ಬೇಗ ಮರೆಯಾದ. 2013ರಲ್ಲಿ ಬಾಸ್ಟನ್ ವಿರುದ್ಧ ಏಳನೆಯ ಪಂದ್ಯ; ಕೊನೆಯ ಅವಧಿಯಲ್ಲಿ ಲೀಫ್ಸ್ 4-1ರಿಂದ ಮುಂದೆ. ಅಲ್ಲಿಂದ 5-4ಕ್ಕೆ ಸೋತರು. ಎದುರಿನ ಗೋಲಿನಲ್ಲಿ ನಿಂತವನು ಅದೇ ರಾಸ್ಕ್. ಈ ಕತೆಯನ್ನು ಅಳಿಯಂದಿರು ನನಗೆ ಹೇಳಲಿಲ್ಲ. ಮೊಮ್ಮಗ ಹೇಳಿದ, ಅದೂ ಅವರು ಕಸದ ಡಬ್ಬಿ ಹೊರಗಿಡಲು ಹೋದಾಗ.

ಆ ರಾತ್ರಿ ಲೀಫ್ಸ್ ಗೋಲಿನಲ್ಲಿದ್ದ ಜೇಮ್ಸ್ ರೈಮರ್ 2020ರ ಹೊತ್ತಿಗೆ ಕ್ಯಾರೊಲಿನಾ ಸೇರಿದ್ದ. ಫೆಬ್ರವರಿ 22ರಂದು ಟೊರಾಂಟೊದಲ್ಲಿ ಪಂದ್ಯ. ರೈಮರ್‌ಗೆ ಪೆಟ್ಟಾಯಿತು, ಅವನ ಬದಲಿಗೆ ಬಂದವನಿಗೂ ಪೆಟ್ಟಾಯಿತು. ಇಬ್ಬರೂ ಹೋದರೆ ಆತಿಥೇಯ ಊರಿನವರು ಒಬ್ಬ ತುರ್ತು ಗೋಲಿಯನ್ನು ಒದಗಿಸಬೇಕಿತ್ತು. ಬಂದವರು ಡೇವಿಡ್ ಏರ್ಸ್, ವಯಸ್ಸು 42, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಮಂಜಿನ ಅಂಗಳ ನುಣುಪು ಮಾಡುವ ಜಾಂಬೋನಿ ಯಂತ್ರ ಓಡಿಸಿದವರು. ಮೊದಲ ಎರಡು ಹೊಡೆತ ಒಳಗೆ ಹೋದವು. ಆಮೇಲಿನ ಎಂಟನ್ನೂ ತಡೆದರು. ಕೋಟಿಗಟ್ಟಲೆ ಡಾಲರಿನ ಲೀಫ್ಸ್ 6-3ರಿಂದ ಸೋತರು. ದಿನಗೂಲಿ ನೌಕರನೊಬ್ಬ ಪ್ರಭಾರ ವಹಿಸಿಕೊಂಡು ಖಾಯಂ ಅಧಿಕಾರಿಗಳಿಗಿಂತ ಚೆನ್ನಾಗಿ ಕಚೇರಿ ನಡೆಸಿದ್ದನ್ನು ನಾನೂ ಕಂಡಿದ್ದೇನೆ. ಅವನಿಗೆ ಇಷ್ಟು ಚಪ್ಪಾಳೆ ಸಿಕ್ಕಿರಲಿಲ್ಲ.

ಕೊಡಗಿನ ಗೆಳೆಯರೊಬ್ಬರಿಗೆ ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿದಾಗ ಅವರು ನಕ್ಕರು. ಅವರ ಕೌಟುಂಬಿಕ ಹಾಕಿಯಲ್ಲಿ ಈ ತಲೆನೋವೇ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲಿನಲ್ಲಿ 360. ತಂಡವೆಂದರೆ ಒಂದು ಮನೆತನ; ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಇಳಿಯಬಹುದು. ‘ನಮ್ಮ ದೊಡ್ಡಪ್ಪ ಓಡಲ್ಲ, ಪಾಸೂ ಕೊಡಲ್ಲ. ಹಾಗಂತ ದೊಡ್ಡಪ್ಪನ್ನ ಪಕ್ಕದ ಮನೆತನಕ್ಕೆ ಟ್ರೇಡ್ ಮಾಡಕ್ಕಾಗತ್ತಾ?’ ಎಂದರು.

2025-26ರ ಭವಿಷ್ಯವನ್ನೂ ಅಳಿಯಂದಿರು ಅದೇ ಜಾಹೀರಾತು ಹಾಳೆಯಲ್ಲಿ ಹಾಕಿಟ್ಟಿದ್ದರು. 82 ಪಂದ್ಯ, ಗೆದ್ದರೆ ಎರಡು ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೂ ಒಂದು. ಸೋತವರಿಗೂ ಅಂಕ ಕೊಡುವ ಈ ಔದಾರ್ಯ ನನಗೆ ಹಿಡಿಸಿತು. 32ರಲ್ಲಿ 16 ತಂಡ ಪ್ಲೇಆಫ್‌ಗೆ, ಅಲ್ಲಿಂದ ಕಪ್ಪಿಗೆ ನಾಲ್ಕು ನಾಲ್ಕರಂತೆ 16 ಗೆಲುವು. ಮಾರ್ನರ್ ಇಲ್ಲದೆ ಪಾಸು ಕೊಡುವವರು ಯಾರು ಎಂಬಲ್ಲಿ ಪೆನ್ಸಿಲು ನಿಂತಿತ್ತು, ಅಲ್ಲೊಂದು ಚಹಾದ ಕಲೆಯೂ ಇತ್ತು. ಕ್ಯಾಪ್ 9 ಕೋಟಿ 55 ಲಕ್ಷಕ್ಕೆ ಏರಿದ್ದು ಸಮಾಧಾನ. ಇನ್ನೊಂದು ಸಮಾಧಾನ ಟವಾರೆಸ್. ಮಿಸಿಸಾಗಾದಲ್ಲೇ ಹುಟ್ಟಿದವನು. 2018ರಲ್ಲಿ ಸೇರಿದ ದಿನ, ಲೀಫ್ಸ್ ಚಿತ್ರದ ಹಾಸಿಗೆಯಲ್ಲಿ ತಾನು ಮಗುವಾಗಿ ಮಲಗಿದ್ದ ಫೋಟೊ ಹಾಕಿದ್ದ. ವರ್ಷಕ್ಕೆ 1 ಕೋಟಿ 10 ಲಕ್ಷ ಪಡೆಯುತ್ತಿದ್ದವನು 2025ರಲ್ಲಿ ಸುಮಾರು 44 ಲಕ್ಷಕ್ಕೆ ಇನ್ನೂ ನಾಲ್ಕು ವರ್ಷ ಒಪ್ಪಿಕೊಂಡ. ಊರಿನ ಹತ್ತಿರದ ಪೋಸ್ಟಿಂಗಿಗಾಗಿ ಹಿಂಬಡ್ತಿ ಬರೆದುಕೊಟ್ಟವರು ನಮ್ಮ ಶಾಖೆಯಲ್ಲೂ ಇದ್ದರು. ಅವರ ಅರ್ಜಿಯನ್ನು ನಾನು ಕಡತದ ಮೇಲುಗಡೆಯೇ ಇಡುತ್ತಿದ್ದೆ.

ಮ್ಯಾಥ್ಯೂಸನ ಕರಾರು 2028ರ ಬೇಸಿಗೆಗೆ ಮುಗಿಯುತ್ತದೆ. ಇದನ್ನು ಹೇಳುವಾಗ ಅಳಿಯಂದಿರ ಮುಖ ಸಣ್ಣಗಾಗುತ್ತದೆ. ಸಮಾಧಾನಕ್ಕೆಂದು, ‘ನನ್ನದು ಸೂಪರ್ ವೀಸಾ, ಒಮ್ಮೆ ಬಂದರೆ ಐದು ವರ್ಷ ಇರಬಹುದು, ಅವನಿಗಿಂತ ನನ್ನ ಅವಧಿಯೇ ಹೆಚ್ಚು’ ಎಂದೆ. ಅಡುಗೆಮನೆಯಿಂದ ನನ್ನಾಕೆ, ‘ನಿಮ್ಮನ್ನ ತಗೊಳ್ಳೋಕೆ ಬೇರೆ ಟೀಮು ಯಾವುದಿದೆ ಹೇಳಿ’ ಎಂದಳು. ಮೈಸೂರಿನಲ್ಲಿ ಮಗನ ಮನೆ ಇದೆಯಲ್ಲ ಎಂದೆ. ಅಲ್ಲಿ ಸದ್ಯಕ್ಕೆ ಕ್ಯಾಪ್ ತುಂಬಿದೆಯಂತೆ; ಸೊಸೆಯ ಅಪ್ಪ ಅಮ್ಮ ಬಂದಿದ್ದಾರೆ.