ಸೀ ವ್ಯೂ

(ವಿರಾರ್‌ನ ಏಳನೇ ಮಹಡಿ. ಗದಗಿನಿಂದ ಮುಂಬೈಗೆ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ. ಕುಂದಾಪುರ ಮೂಲದ ಬ್ರೋಕರ್. ಲಿಫ್ಟ್ ಇದೆ, ಓಡುವುದಿಲ್ಲ.)

ಗುಮಾಸ್ತ: ಸಮುದ್ರ ಕಾಣಸ್ತೈತಿ ಅಂದಿದ್ರಿ?

ಬ್ರೋಕರ್: ಬಾತ್‌ರೂಮ್ ಕಿಟಕಿಯಿಂದ ಮಾರಾಯ್ರೆ. ಬಕೆಟ್ ಬೋರಲು ಹಾಕಿ ಹತ್ತಿ.

ಗುಮಾಸ್ತ: ಬರೇ ನೀರಿನ ಟಾಕಿ ಕಾಣಾಕತ್ತೈತಿ!

ಬ್ರೋಕರ್: ಅದರ ಹಿಂದಿರುವುದೇ ಅರಬ್ಬೀ ಸಮುದ್ರ. ಟಾಕಿ ಪಕ್ಕದ ಸೊಸೈಟಿಯದ್ದು, ಇಲ್ಲದಿದ್ರೆ ತೆಗೆಸಿಬಿಡ್ತಿದ್ದೆ.

ಗುಮಾಸ್ತ: ಆಫೀಸು ಚರ್ಚ್‌ಗೇಟಿನ್ಯಾಗ.

ಬ್ರೋಕರ್: ಒಂದೇ ರೈಲು! ಸುಮಾರು 60 ಕಿ.ಮೀ. ಅಷ್ಟೇ. ಹತ್ತುವ, ಇಳಿಯುವ ಚಿಂತೆಯೂ ಬೇಡ. ಜನರೇ ಹತ್ತಿಸ್ತಾರೆ, ಜನರೇ ಇಳಿಸ್ತಾರೆ. ಎಲ್ಲಿ ಅಂತ ಮಾತ್ರ ಕೇಳ್ಬೇಡಿ.

ಗುಮಾಸ್ತ: ಕೂಡಾಕ?

ಬ್ರೋಕರ್: ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕುಂಡೆ ಊರಲು ಸಿಕ್ಕಿದ್ರೆ ಊರಿಗೆ ಫೋನ್ ಮಾಡಿ ಹೇಳಿ.

ಗುಮಾಸ್ತ: ಕನ್ನಡದ ಮಂದಿ?

ಬ್ರೋಕರ್: ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ನಾಟಕ ಆಡ್ತಾರೆ. ಅಲ್ಲಿಗೂ ಇದೇ ರೈಲು.

ಗುಮಾಸ್ತ: ಕರಾರು?

ಬ್ರೋಕರ್: 11 ತಿಂಗಳು. ಆಮೇಲೆ ಮತ್ತೆ 11. ನನ್ನ ಕಮಿಷನ್ನೂ ಹಾಗೇ, ಮತ್ತೆ ಮತ್ತೆ.

ಗುಮಾಸ್ತ: ಡಿಪಾಸಿಟ್ ವಾಪಸ್ ಬರತೈತೇನ್ರಿ?

ಬ್ರೋಕರ್: ಗೋಡೆಯ ಬಣ್ಣಕ್ಕೆ ಸ್ವಲ್ಪ ಮುರ್ಕೊಂಡು.

ಗುಮಾಸ್ತ: ಗ್ವಾಡಿಗೆ ಬಣ್ಣಾನ ಇಲ್ಲಲ್ರೀ!

ಬ್ರೋಕರ್: ಮತ್ತೆ? ಅದಕ್ಕೇ ಮುರಿಯೋದು.